ಕೌರವನಿಗಾಗಿ ‘ಪಕ್ಷಪಾತ’ದ ಬುಡ ಹುಡುಕಿದ್ದು

ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಶಿರಸಿ ಕಡೆ ಅದರ ಕೂಟದಲ್ಲಿ ಒಂದು ಶಬ್ದ ಸಿಕ್ಕಿದರೆ ಸಾಕು, ಅರ್ಧ ಗಂಟೆ ಎಳೆಯುವವರಿದ್ದಾರೆ. ನಾನೂ ಹವ್ಯಾಸಿ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವ. ಸಂಧಾನದ ಪ್ರಸಂಗದಲ್ಲಿ ಕೌರವನ ಅರ್ಥ ನನ್ನ ಪಾಲಿಗೆ ಬಂತು. ಹಸ್ತಿನಾವತಿಗೆ ಬಂದ ಕೃಷ್ಣ ಅರಮನೆ ಬಿಟ್ಟು ವಿದುರನ ಮನೆಗೆ ಊಟಕ್ಕೆ ಹೋಗಿದ್ದಾನೆ. ‘ನೀನು ಪಕ್ಷಪಾತಿ’ ಅಂತ ಕೌರವ ಜಾಡಿಸಬೇಕು. ಎದುರಿನ ಕೃಷ್ಣ ಪಳಗಿದವರು, ಬುಡ ಗೊತ್ತಿಲ್ಲದ ಶಬ್ದ ಎಸೆದರೆ ಅದನ್ನೇ ಹಿಡಿದು ನನ್ನನ್ನು ಕೂರಿಸಿಬಿಡುತ್ತಾರೆ. ಅದಕ್ಕೇ ನಿಘಂಟು ಹರಡಿಕೊಂಡು ಕೂತೆ.

ನಾನು ಮೊದಲು ಶಬ್ದ ಒಡೆಯುತ್ತೇನೆ, ಆಮೇಲೆ ಅದರ ನೆಂಟರನ್ನು ಹುಡುಕುತ್ತೇನೆ. ಒಡೆಯುವುದು ಸುಲಭ, ಸಂಸ್ಕೃತದ ಶಬ್ದ, ಪಕ್ಷ ಮತ್ತು ಪಾತ. ಆದರೆ ಸುಮ್ನೆ ಒಡೆದು ಬಿಟ್ಟರೆ ಮನಸ್ಸಿಗೆ ಬಂದ ಕಥೆ ಕಟ್ಟುವ ಚಪಲ ಹುಟ್ಟುತ್ತದೆ. ನೆಂಟರು ಸಿಕ್ಕರೆ ಆ ಭಯ ಕಡಿಮೆ.

ಪಕ್ಷ ಅಂದರೆ ರೆಕ್ಕೆ. ಅದಿರುವುದು ಪಕ್ಷಿ, ನಮ್ಮ ಬಾಯಲ್ಲಿ ಹಕ್ಕಿ. ರೆಕ್ಕೆ ಮೈಯ ಎರಡೂ ಬದಿಗೆ ಇರುತ್ತದಲ್ಲ, ಹಾಗಾಗಿ ಪಕ್ಷ ಅಂದರೆ ಬದಿ ಅಂತಲೂ ಆಯಿತು. ‘ಪಕ್ಕ’ ಇದರದೇ ತದ್ಭವ ಅಂತ ಶಾಲೆಯಲ್ಲೇ ಕಲಿತಿದ್ದೇವೆ. ತಿಂಗಳಿನ ಎರಡು ಬದಿ ಶುಕ್ಲಪಕ್ಷ, ಕೃಷ್ಣಪಕ್ಷ. ಮೈಯ ಒಂದು ಬದಿ ಸ್ವಾಧೀನ ತಪ್ಪಿದರೆ ಪಕ್ಷವಾತ. ವಾದದಲ್ಲಿ ಮೊದಲು ಕೇಳಬೇಕಾದ ಎದುರಾಳಿಯ ಬದಿ ಪೂರ್ವಪಕ್ಷ. ಚುನಾವಣೆಯ ಪಕ್ಷ ಈ ಸಾಲಿನಲ್ಲಿ ತೀರಾ ಈಚಿನದು.

ಪಾತದ ಮೂಲ ‘ಪತ್’ ಧಾತು. ಬೀಳುವುದು ಅಂತಲೂ ಹೌದು, ಹಾರುವುದು ಅಂತಲೂ ಹೌದು. ಉಂಚಳ್ಳಿಯ ಜಲಪಾತ ಬೀಳುತ್ತದೆ, ಪತಂಗ ಹಾರುತ್ತದೆ, ಎರಡೂ ಅದೇ ಧಾತು. ಹಕ್ಕಿ ಗರಿ ಉದುರಿಸುವುದಕ್ಕೂ ಸಂಸ್ಕೃತದಲ್ಲಿ ಪಕ್ಷಪಾತ ಅನ್ನುವುದುಂಟು. ನಮಗೆ ಬೇಕಾದ್ದು ಇನ್ನೊಂದು ಅರ್ಥ, ಒಂದು ಬದಿಗೆ ಬೀಳುವುದು.

ನಮ್ಮ ದೇವಸ್ಥಾನಗಳಲ್ಲಿ ಪ್ರಸಾದ ಕೇಳುತ್ತಾರಲ್ಲ, ಹಾಗೆ. ಭಟ್ಟರು ಪ್ರಾರ್ಥನೆ ಮಾಡಿ ನಿಂತಿರುತ್ತಾರೆ, ಎಲ್ಲರ ಕಣ್ಣೂ ಮೂರ್ತಿಯ ಮೇಲಿನ ಹೂವಿನ ಮೇಲೆ. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಅಕ್ಷರಶಃ ನೋಡಿದರೆ ಅದೂ ಪಕ್ಷಪಾತವೇ, ಆದರೆ ಯಾರೂ ದೂರುವುದಿಲ್ಲ.

ನನಗೆ ತಲೆನೋವು ಶುರುವಾದದ್ದೇ ಇಲ್ಲಿ. ಸಂಸ್ಕೃತದಲ್ಲಿ ಈ ಶಬ್ದ ಬೈಗುಳವೇ ಆಗಬೇಕೆಂದಿಲ್ಲ, ಪ್ರೀತಿ, ಮೆಚ್ಚುಗೆ ಅಂತಲೂ ಬಳಕೆಯಿದೆ. ದೇವರನ್ನು ‘ಭಕ್ತಪಕ್ಷಪಾತಿ’ ಅಂತ ಹೊಗಳುತ್ತಾರೆ. ಕೃಷ್ಣ ‘ಹೌದಪ್ಪಾ, ನಾನು ಪಕ್ಷಪಾತಿಯೇ, ಭಕ್ತನ ಮನೆಗೆ ಹೋದೆ’ ಅಂದರೆ ಕೌರವನ ಕಥೆ ಮುಗಿಯಿತು.

ಕನ್ನಡದ್ದೇ ಶಬ್ದ ಹಿಡಿಯೋಣ ಅಂತ ‘ಒಲವು’ ನೋಡಿದೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇಂಥ ಹೊತ್ತಿಗೆ ಈಗಲೂ ಒಳ್ಳೆ ಜೊತೆ. ‘ಒಲ್’ ಧಾತುವಿನಿಂದ ಒಲಿ, ಒಲುಮೆ, ಒಲವು. ಬೇಡ ಅನ್ನುವ ‘ಒಲ್ಲೆ’ಯೂ ಅದರದೇ ನಿಷೇಧ ರೂಪ! ಬೇಕು, ಬೇಡ ಎರಡೂ ಒಂದೇ ಬೇರಿನಲ್ಲಿ. ಖುಷಿಯಾಯಿತು, ಆದರೆ ಒಲವಿನಲ್ಲಿ ಕೌರವನಿಗೆ ಬೇಕಾದ ಖಾರ ಇಲ್ಲ.

ಕೊನೆಗೆ ಮಾತನ್ನು ಹೀಗೆ ಕಟ್ಟಿದೆ: ‘ಕೃಷ್ಣಾ, ಭಕ್ತರ ಮೇಲೆ ಪಕ್ಷಪಾತ ನಿನಗೆ ಭೂಷಣವೇ ಇರಬಹುದು. ಆದರೆ ಇವತ್ತು ನೀನು ಬಂದದ್ದು ದೇವರಾಗಿ ಅಲ್ಲ, ರಾಯಭಾರಿಯಾಗಿ. ಪೂರ್ವಪಕ್ಷ ಕೇಳುವ ಮೊದಲೇ ಒಂದು ಪಕ್ಕಕ್ಕೆ ಬಿದ್ದವನ ಸಂಧಾನ ನನಗೆ ಬೇಡ.’ ಭೂಷಣ ಅಂತ ನಾನೇ ಒಪ್ಪಿದ್ದರಿಂದ ಆ ದಾರಿ ಅವರಿಗೆ ಮುಚ್ಚಿತು.

ಕೃಷ್ಣ ನಕ್ಕರು. ‘ಕೌರವಾ, ಆಯ್ಕೆ ಕೇಳಿದಾಗ ನನ್ನ ಇಡೀ ನಾರಾಯಣ ಸೈನ್ಯವನ್ನು ನಿನ್ನ ಪಕ್ಷಕ್ಕೇ ಕೊಟ್ಟೆನಲ್ಲ, ಆಗ ಯಾಕೆ ಪಕ್ಷಪಾತ ಅನ್ನಲಿಲ್ಲ?’ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಾಡುವ ಭಾಗವತರು ಮುಂದಿನ ಪದ್ಯ ಎತ್ತಿದರು.