ಮಿಷನರಿ ಎಂದರೆ ಯಾರು? ಮಕ್ಕಳಿಗೆ ಮೊದಲು ಕೆಲಸ ತೋರಿಸಿ, ಹೆಸರು ಆಮೇಲೆ ಹೇಳಿ

ಮಂಜೇಶ್ವರ, ಕುಂಬಳೆ, ಬೇಳ ಕಡೆಯ ಯಾವ ಸಂಡೇ ಸ್ಕೂಲಿನಲ್ಲಾದರೂ ಮಕ್ಕಳ ಕೈಗೆ ಕಾಗದ ಕೊಟ್ಟು ‘ಒಬ್ಬ ಮಿಷನರಿಯ ಚಿತ್ರ ಬಿಡಿಸಿ’ ಎಂದು ನೋಡಿ. ಹೆಚ್ಚಿನವರು ಬಿಡಿಸುವುದು ಗಡ್ಡಬಿಟ್ಟ ವಿದೇಶಿ ಗಂಡಸನ್ನು. ಉದ್ದ ನಿಲುವಂಗಿ, ಕೈಯಲ್ಲಿ ಬೈಬಲ್. ತಪ್ಪು ಮಕ್ಕಳದ್ದಲ್ಲ. ನಾವು ಹೇಳಿಕೊಟ್ಟದ್ದೇ ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ. ಆ ಮನುಷ್ಯ ಬೆಳಗ್ಗೆ ಎದ್ದು ಸಂಜೆಯವರೆಗೆ ಏನು ಮಾಡುತ್ತಿದ್ದ ಎಂಬುದನ್ನು ಹೇಳಿದವರು ಕಡಿಮೆ. ಇಂದು ಮಿಷನ್ ಕೆಲಸದಲ್ಲಿರುವವರಲ್ಲಿ ನರ್ಸ್, ಪೈಲಟ್, ಎಲೆಕ್ಟ್ರಿಷಿಯನ್, ಭಾಷಾಂತರಕಾರ, ಲೆಕ್ಕಪತ್ರ ನೋಡುವವರು, ಅಡುಗೆಯವರು ಎಲ್ಲರೂ ಇದ್ದಾರೆ. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ನಾಟುವುದಿಲ್ಲ. ಆ ಕೆಲಸದ ಒಂದು ತುಣುಕನ್ನಾದರೂ ಅವರ ಕೈಯಿಂದಲೇ ಮಾಡಿಸಬೇಕು.

ಕಥೊಲಿಕ ಚರ್ಚುಗಳಲ್ಲಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದ ಹಿಂದಿನ ಭಾನುವಾರ ಮಿಷನ್ ಭಾನುವಾರ. 1926ರಲ್ಲಿ ಹನ್ನೊಂದನೆಯ ಪಿಯುಸ್ ಪೋಪರು ಗೊತ್ತುಮಾಡಿದ ದಿನ ಇದು. ಅದಕ್ಕೆ ನಾಲ್ಕು ವಾರ ಮೊದಲೇ ಪಾಠ ಶುರುಮಾಡಿದರೆ ಸರಿಹೋಗುತ್ತದೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟೆಂಟ್) ಸಭೆಗಳವರೂ ಇದೇ ತಿಂಗಳನ್ನು ಆರಿಸಿಕೊಳ್ಳಬಹುದು, ಏಕೆಂದರೆ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೊದಲ ಮೂವರು ನಮ್ಮ ಕರಾವಳಿಗೆ ಬಂದಿಳಿದದ್ದು 1834ರ ಅಕ್ಟೋಬರಿನಲ್ಲಿ.

ತಯಾರಿ

ಈ ಪಾಠ ಎಂಟರಿಂದ ಹದಿಮೂರು ವರ್ಷದವರಿಗೆ. ವಾರಕ್ಕೆ 45 ನಿಮಿಷ ಸಾಕು. ಇಪ್ಪತ್ತು ಮಕ್ಕಳಿದ್ದರೆ ಐದೈದು ಜನರ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬ ದೊಡ್ಡವರಿರಲಿ. ಎಂಟಕ್ಕಿಂತ ಚಿಕ್ಕವರನ್ನು ಬೇರೆ ಕೂರಿಸಿ ಒಬ್ಬರ ಕಥೆ, ಒಂದು ಚಿತ್ರ, 20 ನಿಮಿಷಕ್ಕೆ ಮುಗಿಸಿಬಿಡಿ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಒಂದು ತೊಡಕು ಉಂಟು. ಮನೆಯಲ್ಲಿ ಕೊಂಕಣಿ ಅಥವಾ ತುಳು, ಚರ್ಚಿನಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್. ಮಾತು ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಕನ್ನಡ ಓದಲು ತಡವರಿಸುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಹಾಗಾಗಿ ಓದಿಸುವ ಹಾಳೆ ಹಂಚಬೇಡಿ. ರಟ್ಟಿನ ಕಾರ್ಡು ಮಾಡಿ, ಒಂದು ಬದಿಗೆ ಕೆಲಸದ ಉಪಕರಣದ ಚಿತ್ರ (ಸ್ಟೆತಸ್ಕೋಪು, ಅಚ್ಚಿನ ಮೊಳೆ, ಸ್ಪ್ಯಾನರು, ಸೌಟು), ಇನ್ನೊಂದು ಬದಿಗೆ ಹೆಸರು ಮತ್ತು ಊರು ಬರೆಯಿರಿ. ಉಪಕರಣದ ಬದಿ ಮೇಲೆ ಇರಲಿ. ಯಾರ ಕೆಲಸ ಇದು, ಯಾಕೆ ಬೇಕಾಯಿತು ಎಂದು ಮಕ್ಕಳು ಮಾತಾಡಿದ ಮೇಲೆ ತಿರುಗಿಸಿ.

ಮೊದಲ ವಾರ: ಹಂಚು ಮತ್ತು ಕಲ್ಲಚ್ಚು

ದೂರದ ಆಫ್ರಿಕಾದಿಂದ ಶುರುಮಾಡಬೇಡಿ, ತಲೆಯ ಮೇಲಿನ ಮಾಡಿನಿಂದ ಶುರುಮಾಡಿ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಳಿಹುಲ್ಲು, ಮಡಲಿನ ಮಾಡುಗಳ ಜಾಗಕ್ಕೆ ಕೆಂಪು ಹಂಚು ಬಂದದ್ದು ಹೀಗೆ. ಧರ್ಮ ಸಾರಲು ಬಂದವರು ಹಂಚು ಏಕೆ ಸುಟ್ಟರು? ಇದನ್ನು ಮಕ್ಕಳೇ ಊಹಿಸಲಿ, ಉತ್ತರ ಬೇಗ ಕೊಡಬೇಡಿ. ಜ್ಞಾನಸ್ನಾನ ಪಡೆದು ಕ್ರೈಸ್ತರಾದ ಅನೇಕರನ್ನು ಮನೆಯವರು, ಜಾತಿಯವರು ಹೊರಗೆ ಹಾಕಿದ್ದರು. ಹಿಂದಿನ ಕಸುಬೂ ಹೋಗಿತ್ತು. ಅವರ ಹೊಟ್ಟೆಪಾಡಿಗೆ ಮಿಷನ್ ಮೊದಲು ನೇಯ್ಗೆಯನ್ನೂ ಆಮೇಲೆ ಹಂಚನ್ನೂ ಹಿಡಿಯಿತು. ಕುಲುಮೆಯ ಶಾಖ, ಮಣ್ಣಿನ ಹದ ಗೊತ್ತಿದ್ದವನೂ ಮಿಷನರಿಯೇ ಎಂಬುದು ಮಕ್ಕಳಿಗೆ ಇಲ್ಲಿ ಹೊಳೆಯುತ್ತದೆ.

ಹಿಂದಿನ ವಾರವೇ ಮನೆಯ ಹಳೆಯ ಹಂಚೊಂದನ್ನು ತರಲು ಹೇಳಿ. ಹಂಚಿನ ರಾಶಿಗೆ ಮಕ್ಕಳು ಕೈಹಾಕಬಾರದು. ಸಂದಿಯಲ್ಲಿ ಚೇಳು, ಹಾವು ಇರುತ್ತವೆ. ದೊಡ್ಡವರು ತೆಗೆದು, ಪಾಚಿ ಉಜ್ಜಿ, ಬಿಸಿಲಿಗೆ ಒಣಗಿಸಿ ಕೊಡಲಿ. ಹಂಚಿನ ಮೇಲೆ ಕಾರ್ಖಾನೆಯ ಹೆಸರು ಉಬ್ಬಚ್ಚಿನಲ್ಲಿರುತ್ತದೆ. ಅದರ ಮೇಲೆ ತೆಳು ಕಾಗದ ಇಟ್ಟು, ಕ್ರೇಯಾನನ್ನು ಅಡ್ಡಕ್ಕೆ ಹಿಡಿದು ಮೆಲ್ಲಗೆ ತಿಕ್ಕಿದರೆ ಅಕ್ಷರ ಕಾಗದಕ್ಕೆ ಬರುತ್ತದೆ. ಚೂಪಾದ ಪೆನ್ಸಿಲಿನಿಂದ ತಿಕ್ಕಿದರೆ ಕಾಗದ ಹರಿಯುತ್ತದೆ. ‘ಬಾಸೆಲ್ ಮಿಷನ್’ ಎಂಬ ಅಚ್ಚು ಎಲ್ಲ ಹಂಚಿನಲ್ಲೂ ಸಿಗುವುದಿಲ್ಲ. ಕರಾವಳಿಯಲ್ಲಿ ಆಮೇಲೆ ಹತ್ತಾರು ಕಾರ್ಖಾನೆಗಳು ಎದ್ದವು. ಸಿಗದಿದ್ದರೂ ಪಾಠ ಕೆಡುವುದಿಲ್ಲ, ಮಿಷನ್ ಶುರುಮಾಡಿದ ಕಸುಬನ್ನು ಊರವರು ತಮ್ಮದಾಗಿಸಿಕೊಂಡದ್ದಕ್ಕೆ ಅದೇ ಸಾಕ್ಷಿ.

ಕಲ್ಲಚ್ಚಿಗೆ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ಕೆಲಸಕ್ಕೆ, ಉಳಿದ ಅರ್ಧ ಗಂಟೆ ಬೇಕು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲೇ ಮುದ್ರಣವಾದದ್ದು. ಜಿಡ್ಡಿಗೆ ನೀರು ಹತ್ತುವುದಿಲ್ಲ, ಒದ್ದೆ ಜಾಗಕ್ಕೆ ಎಣ್ಣೆಶಾಯಿ ಹತ್ತುವುದಿಲ್ಲ. ಇಷ್ಟೇ ಅದರ ಗುಟ್ಟು. ಕಲ್ಲಿನ ಬದಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು.

ಗುಂಪಿಗೆ ಒಂದು ಗೇಣು ಫಾಯಿಲನ್ನು ಮಂದ ಬದಿ ಮೇಲೆ ಬರುವಂತೆ ನುಣುಪಾದ ಹಲಗೆಗೆ ಬಿಗಿಯಾಗಿ ಸುತ್ತಿ. ಆಯಿಲ್ ಪಾಸ್ಟೆಲ್ ಅಥವಾ ಒಣ ಸಾಬೂನಿನ ಚೂರಿನಿಂದ ಎರಡು ಮೂರು ಅಕ್ಷರ ಬರೆಸಿ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು ಇರಬೇಕು. ತೆಳು ಕಾಗದದಲ್ಲಿ ನೇರ ಬರೆದು, ಮಗುಚಿ, ಹಿಂಬದಿಯಿಂದ ನೋಡಿ ನಕಲಿಸುವುದು ಸುಲಭ. ಅದರ ಮೇಲೆ ಕೋಲಾ ಪಾನೀಯ ಸುರಿದು ಹತ್ತು ಸೆಕೆಂಡ್ ಬಿಟ್ಟು ನೀರಿನಿಂದ ತೊಳೆಯಿರಿ. ಕೋಲಾದಲ್ಲಿರುವ ಫಾಸ್ಫಾರಿಕ್ ಆಮ್ಲವೇ ಇಲ್ಲಿ ಕೆಲಸ ಮಾಡುವುದು. ಹಾಗಾಗಿ ಬೇರೆ ಬಣ್ಣದ ಸೋಡಾ ತಂದರೆ ಆಗುವುದಿಲ್ಲ. ನಾಲ್ಕು ಗುಂಪಿಗೆ 250 ಮಿಲಿಲೀಟರ್ ಧಾರಾಳ. ಆಮೇಲೆ ಹತ್ತಿಗೆ ಅಡುಗೆ ಎಣ್ಣೆ ಹಚ್ಚಿ ಅಕ್ಷರವನ್ನು ಒರೆಸಿಬಿಡಿ. ಅಕ್ಷರ ಅಳಿಸಿಹೋದಂತೆ ಕಾಣುತ್ತದೆ, ಜಿಡ್ಡು ಉಳಿದಿರುತ್ತದೆ. ಒದ್ದೆ ಸ್ಪಂಜಿನಿಂದ ಮೇಲ್ಮೈಯನ್ನು ತೇವ ಮಾಡಿ, ಎಣ್ಣೆ ಆಧಾರದ ಬ್ಲಾಕ್ ಪ್ರಿಂಟಿಂಗ್ ಶಾಯಿಯನ್ನು ರೋಲರಿನಿಂದ ತೆಳ್ಳಗೆ ಉರುಳಿಸಿ. ಮರೆಯಾದ ಅಕ್ಷರ ಕಪ್ಪಾಗಿ ಎದ್ದು ಬರುವಾಗ ಮಕ್ಕಳ ಮುಖ ನೋಡಬೇಕು! ಕಾಗದ ಇಟ್ಟು ಚಮಚದ ಬೆನ್ನಿನಿಂದ ಒತ್ತಿದರೆ ಅಚ್ಚು ಸಿದ್ಧ.

ಕೆಡುವುದು ಎರಡು ಕಡೆ. ಫಾಯಿಲನ್ನು ಬೆರಳಿನಿಂದ ಮುಟ್ಟಿದರೆ ಆ ಬೆರಳಚ್ಚೂ ಮುದ್ರಣವಾಗುತ್ತದೆ, ಅಂಚು ಮಾತ್ರ ಹಿಡಿಯಬೇಕು. ನೀರು ಆರಿದರೆ ಶಾಯಿ ಎಲ್ಲೆಂದರಲ್ಲಿ ಹಿಡಿಯುತ್ತದೆ. ಪ್ರತಿಸಲ ಶಾಯಿ ಉರುಳಿಸುವ ಮುಂಚೆ ಸ್ಪಂಜು ತಾಗಿಸಲೇಬೇಕು. ಮೂರು ಅಕ್ಷರಕ್ಕೆ ಇಷ್ಟು ಪಾಡಾದರೆ ನಾಲ್ಕು ಪುಟದ ಪತ್ರಿಕೆಗೆ ಎಷ್ಟು ಬೇಕಿತ್ತು ಎಂದು ಕೇಳಿ ಬಿಡಿ.

ವಿದೇಶಿಯರ ಮಾತು ಆದೊಡನೆ ಪಂಡಿತಾ ರಮಾಬಾಯಿಯ ಕಾರ್ಡು ತೆಗೆಯಿರಿ. 1858ರಲ್ಲಿ ಕಾರ್ಕಳದ ಮಾಳದ ಬಳಿ ಗಂಗಾಮೂಲದಲ್ಲಿ ಹುಟ್ಟಿದವರು. ಪುಣೆಯ ಹತ್ತಿರ ಕೇಡಗಾಂವದಲ್ಲಿ ಮುಕ್ತಿ ಮಿಷನ್ ಕಟ್ಟಿ, ವಿಧವೆಯರಿಗೂ ಬರಗಾಲದಲ್ಲಿ ದಿಕ್ಕಿಲ್ಲದಾದ ಹೆಣ್ಣುಮಕ್ಕಳಿಗೂ ಆಸರೆ ಕೊಟ್ಟರು, ಕಸುಬು ಕಲಿಸಿದರು. ಇಡೀ ಬೈಬಲನ್ನು ಮರಾಠಿಗೆ ತಂದರು. ಕಾರ್ಕಳ ಮಕ್ಕಳಿಗೆ ಗೊತ್ತಿರುವ ಊರು. ‘ಮಿಷನರಿ ಎಂದರೆ ಹೊರಗಿನವರು’ ಎಂಬುದು ಇಲ್ಲಿ ಸಡಿಲವಾಗುತ್ತದೆ.

ಎರಡನೆಯ ವಾರ: ನೋವು ತಿಳಿಯದ ಕೈ

ಇದಕ್ಕೆ ಗುಂಪಿಗೆ ಎರಡು ಜೊತೆ ದಪ್ಪ ಕಾಲುಚೀಲ, ಗುಂಡಿ ಇರುವ ಒಂದು ಶರ್ಟು, ಒಂದು ಬಟ್ಟೆಚೀಲದಲ್ಲಿ ರೂಪಾಯಿ ನಾಣ್ಯ, ಹುಣಸೆಬೀಜ, ಬೀಗದ ಕೈ, ಗುಂಡಿ. ಎರಡೂ ಕೈಗೆ ಎರಡೆರಡು ಕಾಲುಚೀಲ ಹಾಕಿಕೊಂಡು ಕಣ್ಣುಮುಚ್ಚಿ ಚೀಲದಲ್ಲಿರುವುದನ್ನು ಗುರುತಿಸಬೇಕು, ಆಮೇಲೆ ಶರ್ಟಿನ ಗುಂಡಿ ಹಾಕಬೇಕು. ಬಿಸಿಯಾದದ್ದು, ಚೂಪಾದದ್ದು ಯಾವುದೂ ಹತ್ತಿರ ಇರಬಾರದು.

ಮಕ್ಕಳು ಸೋತು ಕೂತ ಮೇಲೆ ಪಾಲ್ ಬ್ರ್ಯಾಂಡ್ ಅವರ ವಿಷಯ ತೆಗೆಯಿರಿ. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಇವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶಸ್ತ್ರವೈದ್ಯರಾಗಿದ್ದರು. ಕುಷ್ಠರೋಗದಲ್ಲಿ ಬೆರಳು ಕೊಳೆತು ಬಿದ್ದುಹೋಗುತ್ತದೆ ಎಂದೇ ಜನ ನಂಬಿದ್ದರು. ನರ ಸತ್ತು ನೋವು ತಿಳಿಯದಾಗುತ್ತದೆ, ತಿಳಿಯದೆ ಆಗುವ ಗಾಯ, ಸುಟ್ಟ ಹುಣ್ಣುಗಳಿಂದ ಬೆರಳು ಸವೆಯುತ್ತದೆ ಎಂದು ಬ್ರ್ಯಾಂಡ್ ತೋರಿಸಿದರು. ಕೆಲವರ ಬೆರಳನ್ನು ರಾತ್ರಿ ನಿದ್ದೆಯಲ್ಲಿ ಇಲಿ ಕಡಿಯುತ್ತಿತ್ತು, ಅವರಿಗೆ ಎಚ್ಚರವೇ ಆಗುತ್ತಿರಲಿಲ್ಲ. ಅದಕ್ಕೆ ಕಂಡ ಉಪಾಯ ಬೆಕ್ಕು: ಮನೆಗೆ ಹೋಗುವವರ ಜೊತೆ ಒಂದು ಬೆಕ್ಕನ್ನೂ ಕಳುಹಿಸುವುದು. ಮಡಚಿಹೋದ ಬೆರಳುಗಳನ್ನು ಸ್ನಾಯುರಜ್ಜು ಜೋಡಿಸಿ ಮತ್ತೆ ತೆರೆಯುವಂತೆ ಮಾಡಿದ ಶಸ್ತ್ರಚಿಕಿತ್ಸೆಯೂ ಅವರದು. ಮಕ್ಕಳ ನೆನಪಿನಲ್ಲಿ ಬೆಕ್ಕೇ ಉಳಿಯುತ್ತದೆ, ಉಳಿಯಲಿ.

ಅದೇ ಆಸ್ಪತ್ರೆಯ ಡಾ. ಮೇರಿ ವರ್ಗೀಸ್ ಕೇರಳದವರು. 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗ ಬಂದವರ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆಸ್ಪತ್ರೆ ಶುರುಮಾಡಿದ ಐಡಾ ಸ್ಕಡರ್ ಅವರದ್ದು ಬೇರೆ ಕಥೆ: ತಿಂಡಿವನಂನಲ್ಲಿ ಒಂದೇ ರಾತ್ರಿ ಮೂವರು ಬಸುರಿಯರು, ಗಂಡಸು ವೈದ್ಯರು ಮುಟ್ಟಬಾರದೆಂಬ ಕಟ್ಟುಪಾಡಿನಿಂದ, ಆರೈಕೆಯಿಲ್ಲದೆ ಸತ್ತದ್ದೇ ಅವರನ್ನು ವೈದ್ಯಕೀಯಕ್ಕೆ ತಿರುಗಿಸಿತು. 1900ರಲ್ಲಿ ಒಂದೇ ಹಾಸಿಗೆಯಿಂದ ಶುರುವಾದ ಕೆಲಸಕ್ಕೆ 1918ರಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ ಸೇರಿತು. ಇದನ್ನು ಹತ್ತು ದಾಟಿದವರಿಗೆ ಹೇಳಿ.

ಒಂದು ಎಚ್ಚರ. ‘ಕುಷ್ಠರೋಗಿಗಳು’ ಎಂದು ಜನರನ್ನು ರೋಗದ ಹೆಸರಿನಿಂದ ಕರೆಯಬೇಡಿ, ‘ಕುಷ್ಠರೋಗ ಬಂದವರು’ ಎನ್ನಿ. ಈಗ ಆರು ಅಥವಾ ಹನ್ನೆರಡು ತಿಂಗಳ ಮಾತ್ರೆಯಲ್ಲಿ ಅದು ಗುಣವಾಗುತ್ತದೆ, ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ ಎಂದೂ ಹೇಳಿ. ಇಲ್ಲವಾದರೆ ಮಕ್ಕಳು ಕರುಣೆಯ ಜೊತೆ ಹೆದರಿಕೆಯನ್ನೂ ಮನೆಗೆ ಒಯ್ಯುತ್ತಾರೆ.

ಮೂರನೆಯ ವಾರ: ವಿಮಾನ, ಹಡಗು, ಭಾಷೆ

ಮಿಷನ್ ಏವಿಯೇಷನ್ ಫೆಲೋಶಿಪ್ 1945ರಲ್ಲಿ ಶುರುವಾಯಿತು. ಮರುವರ್ಷ ಅದರ ಮೊದಲ ಹಾರಾಟ ನಡೆಸಿದ ಪೈಲಟ್ ಬೆಟ್ಟಿ ಗ್ರೀನ್, ಹೆಂಗಸು. ರಸ್ತೆಯಿಲ್ಲದ ಕಾಡು, ಗುಡ್ಡಗಳಿಗೆ ಚಿಕ್ಕ ವಿಮಾನ ಹೋಗುವಾಗ ಸಾಮಾನು ಮಾತ್ರವಲ್ಲ, ಪ್ರಯಾಣಿಕರನ್ನೂ ತೂಗಬೇಕಾಗುತ್ತದೆ. ಬಾತ್‌ರೂಮ್ ತಕ್ಕಡಿ ಇಟ್ಟು, ಗುಂಪಿಗೆ 60 ಕಿಲೋ ಮಿತಿ ಕೊಡಿ: ಒಬ್ಬ ‘ರೋಗಿ’ (ಗುಂಪಿನದೇ ಮಗು), ಪುಸ್ತಕದ ಕಟ್ಟು, ಅಕ್ಕಿ ಚೀಲ, ಲಸಿಕೆಯ ಪೆಟ್ಟಿಗೆ. ಯಾವುದನ್ನು ಬಿಡುತ್ತೀರಿ, ಯಾಕೆ? ಜಗಳ ಆಗುತ್ತದೆ, ಆಗಲಿ. ಆದರೆ ಮಕ್ಕಳ ತೂಕವನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಡಿ, ದಪ್ಪಗಿರುವ ಮಗುವಿಗೆ ಆ ದಿನವೇ ಹಾಳಾಗುತ್ತದೆ.

ಹಡಗಿನದ್ದು ಬೇಗ ಮುಗಿಯುತ್ತದೆ. 1978ರಲ್ಲಿ ಶುರುವಾದ ಮರ್ಸಿ ಶಿಪ್ಸ್ ಸಂಸ್ಥೆಯ ‘ಗ್ಲೋಬಲ್ ಮರ್ಸಿ’ ಹಡಗಿನಲ್ಲಿ ಆರು ಶಸ್ತ್ರಚಿಕಿತ್ಸಾ ಕೊಠಡಿಗಳಿವೆ. ಆಫ್ರಿಕಾದ ಬಂದರುಗಳಲ್ಲಿ ನಿಂತು ಕೆಲಸ ಮಾಡುತ್ತದೆ. ಅಡುಗೆಯವರಿಂದ ಸರ್ಜನ್‌ವರೆಗೆ ಹೆಚ್ಚಿನವರು ಸ್ವಯಂಸೇವಕರು, ತಮ್ಮ ಖರ್ಚು ತಾವೇ ಭರಿಸುತ್ತಾರೆ. ಮಕ್ಕಳಿಗೆ ಒಂದೇ ಪ್ರಶ್ನೆ ಸಾಕು: ಇವತ್ತು ಎಲೆಕ್ಟ್ರಿಷಿಯನ್ ಬರಲಿಲ್ಲ, ಆಪರೇಷನ್ ಏನಾಗುತ್ತದೆ?

ಭಾಷಾಂತರವನ್ನು ನಮ್ಮ ಮಕ್ಕಳಷ್ಟು ಚೆನ್ನಾಗಿ ಆಡಬಲ್ಲವರು ಬೇರೆ ಕಡೆ ಸಿಗುವುದಿಲ್ಲ. ಎರಡು ವಾಕ್ಯವನ್ನು ಒಂದು ಗುಂಪು ಕನ್ನಡದಿಂದ ತುಳುವಿಗೋ ಕೊಂಕಣಿಗೋ ಹೇಳಲಿ. ಮೂಲ ಕೇಳದ ಇನ್ನೊಂದು ಗುಂಪು ಅದನ್ನು ಕನ್ನಡಕ್ಕೆ ಮರಳಿ ತರಲಿ. ಎರಡನ್ನೂ ಪಕ್ಕಪಕ್ಕ ಬರೆದು ಎಲ್ಲಿ ಜಾರಿತು ನೋಡಿ. ಬೈಬಲ್ ಭಾಷಾಂತರಕಾರರು ತಮ್ಮ ಕೆಲಸ ಪರೀಕ್ಷಿಸುವುದು ಹೀಗೆಯೇ.

ನಾಲ್ಕನೆಯ ವಾರ: ಈಗ ಕೆಲಸದಲ್ಲಿರುವವರ ಜೊತೆ ಮಾತು

ಸತ್ತವರ ಕಥೆ ಎಷ್ಟು ಹೇಳಿದರೂ ಬದುಕಿರುವ ಒಬ್ಬರ ದನಿಗೆ ಸಮನಾಗುವುದಿಲ್ಲ. 1921ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ಹುಟ್ಟಿದ ಬೆಥನಿಯಂಥ ಧರ್ಮಭಗಿನಿಯರ ಸಂಸ್ಥೆಗಳಲ್ಲಿ ಕರಾವಳಿಯ ಅನೇಕರು ಮನೆ ಬಿಟ್ಟು ದೂರ ಇದ್ದಾರೆ. ನಿಮ್ಮ ವಿಗಾರರ ಅಥವಾ ಸಭಾಪಾಲಕರ ಮೂಲಕ ಒಂದು ತಿಂಗಳು ಮೊದಲೇ ಕೇಳಿ. ವೇಳೆ ಲೆಕ್ಕ ಹಾಕಿಕೊಳ್ಳಿ: ತಾಂಜಾನಿಯ ನಮಗಿಂತ ಎರಡೂವರೆ ಗಂಟೆ ಹಿಂದೆ, ಪಪುವಾ ನ್ಯೂಗಿನಿಯ ನಾಲ್ಕೂವರೆ ಗಂಟೆ ಮುಂದೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ನೆಟ್‌ವರ್ಕ್ ಕೈಕೊಟ್ಟರೆ ಎಂದು ಮೊದಲೇ ಐದು ನಿಮಿಷದ ಧ್ವನಿಮುದ್ರಣ ತರಿಸಿಡಿ. ‘ನಿಮಗೆ ಸಂತೋಷವೇ?’ ಎಂಬಂಥ ಪ್ರಶ್ನೆ ಬೇಡ. ಬೆಳಗ್ಗೆ ಏನು ತಿಂದಿರಿ, ಅಲ್ಲಿನ ಭಾಷೆ ಕಲಿಯಲು ಎಷ್ಟು ದಿನ ಹಿಡಿಯಿತು, ಯಾವ ಕೆಲಸ ಬೇಸರ ತರಿಸುತ್ತದೆ ಎಂದು ಕೇಳಲಿ. ಅವರಿರುವ ಜಾಗದ ಹೆಸರು, ಅಲ್ಲಿನ ಮಕ್ಕಳ ಫೋಟೋ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಾಕಬೇಡಿ.

ಹೋಗಲಾಗದವರ ಪಾಲಿನದ್ದೂ ಇಲ್ಲೇ ಹೇಳಬೇಕು. ಕಥೊಲಿಕ ಸಭೆಯಲ್ಲಿ ಮಿಷನರಿಗಳ ಪಾಲಕ ಸಂತೆಯಾಗಿ 1927ರಲ್ಲಿ ಘೋಷಿತಳಾದ ಫ್ರಾನ್ಸಿನ ಲಿಸ್ಯೂವಿನ ತೆರೇಸಾ ಯಾವ ಮಿಷನ್ ನಾಡಿಗೂ ಹೋದವಳಲ್ಲ. ಮಠದೊಳಗಿದ್ದು ದೂರದ ಮಿಷನರಿಗಳಿಗಾಗಿ ಪ್ರಾರ್ಥಿಸಿ, ಕಾಗದ ಬರೆದು, 24ನೆಯ ವಯಸ್ಸಿಗೆ ತೀರಿಕೊಂಡವಳು.

ಕಷ್ಟದ ಪ್ರಶ್ನೆಗಳು

ಶಾಲೆಯ ಗೆಳೆಯರು ‘ನಿಮ್ಮವರು ಮತಾಂತರ ಮಾಡುವವರಾ?’ ಎಂದು ಕೇಳಿಯೇ ಕೇಳುತ್ತಾರೆ. ಮಗುವನ್ನು ಉತ್ತರವಿಲ್ಲದೆ ಕಳುಹಿಸಬೇಡಿ. ಮಿಷನರಿಗಳು ತಮ್ಮ ನಂಬಿಕೆಯನ್ನು ಹೇಳಿಕೊಳ್ಳುತ್ತಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಸಂವಿಧಾನದ 25ನೇ ವಿಧಿ ಎಲ್ಲ ಧರ್ಮದವರಿಗೂ ಆ ಹಕ್ಕು ಕೊಟ್ಟಿದೆ. ಬಲವಂತ, ಆಮಿಷ, ಮೋಸ ಮಾತ್ರ ಕಾನೂನಿಗೂ ಸುವಾರ್ತೆಗೂ ವಿರುದ್ಧ. ಇಷ್ಟನ್ನು ನೇರ ಮಾತಿನಲ್ಲಿ ಕಲಿಸಿ. ಹಾಗೆಯೇ ‘ಕತ್ತಲೆಯಲ್ಲಿದ್ದ ಜನ’, ‘ಏನೂ ತಿಳಿಯದವರು’ ಎಂಬ ಮಾತುಗಳನ್ನು ಪಾಠದಿಂದ ತೆಗೆದುಹಾಕಿ. ನಮ್ಮ ಮಕ್ಕಳು ಪಕ್ಕದ ಮನೆಯ ಕೋಲಕ್ಕೆ, ಉರೂಸಿನ ಊಟಕ್ಕೆ ಹೋಗಿಬರುವವರು. ಆ ಮಾತು ಅವರ ಗೆಳೆಯರಿಗೇ ತಾಗುತ್ತದೆ.

ಪ್ರಾಣ ತೆತ್ತವರ ಕಥೆಗಳನ್ನು ಹನ್ನೆರಡು ದಾಟಿದವರಿಗೆ ಮಾತ್ರ ಹೇಳಿ. 1999ರಲ್ಲಿ ಒಡಿಶಾದಲ್ಲಿ ಆಸ್ಟ್ರೇಲಿಯದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳ ಕೊಲೆಯಾಯಿತು ಎಂದಷ್ಟೇ ಹೇಳಿ, ಹೇಗೆ ಎಂಬ ವಿವರಕ್ಕೆ ಇಳಿಯಬೇಡಿ. ಅವರ ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿ, ಕುಷ್ಠರೋಗ ಬಂದವರ ಆರೈಕೆಯನ್ನು ಮುಂದುವರಿಸಿದರು, 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು ಎಂಬುದನ್ನು ಬಿಡಿಸಿ ಹೇಳಿ. ಯಾವ ಸಮುದಾಯದ ಮೇಲೂ ಸಿಟ್ಟು ಬರುವಂತೆ ಹೇಳಿದರೆ ಗ್ಲಾಡಿಸ್ ಮಾಡಿದ್ದನ್ನೇ ಅಳಿಸಿದಂತೆ.

ಮಿಷನ್ ಭಾನುವಾರದ ಕಾಣಿಕೆ ಡಬ್ಬಿಯನ್ನು ಮಕ್ಕಳೆದುರೇ ತೆರೆದು ಅವರಿಂದಲೇ ಎಣಿಸಿ. ಹಣ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಕಳುಹಿಸುವ ಮೊದಲೇ ತಿಳಿಸಿ. ಒಂದೆರಡು ತಿಂಗಳಲ್ಲಿ ರಸೀದಿ ಬರುತ್ತದೆ. ಅದನ್ನು ಸಂಡೇ ಸ್ಕೂಲಿನ ನೋಟೀಸ್ ಬೋರ್ಡಿನಲ್ಲಿ ಮಕ್ಕಳ ಎತ್ತರಕ್ಕೆ ಅಂಟಿಸಿ.