ಸಕ್ಕರೆ ಕಾಯಿಲೆಯ ಕಾಲು: ನಡೆಸುವ ಮುನ್ನ ನಾನು ನೋಡುವುದು

ಕಾಲು ಉರಿ, ಜೋಮು ಎಂದು ಬಂದವರಿಗೆ ನಾನು ನೇರವಾಗಿ ವ್ಯಾಯಾಮ ಹೇಳಿಕೊಡುವುದಿಲ್ಲ. ರಕ್ತನಾಳ ಕಿರಿದಾದ ಕಾಲನ್ನು ನೋವು ಬರುವವರೆಗೆ ನಡೆಸಬೇಕು. ಸ್ಪರ್ಶ ಹೋಗಿ ಅಂಗಾಲಲ್ಲಿ ಹುಣ್ಣಾದ ಕಾಲಿನ ಮೇಲೆ ಭಾರವೇ ಬೀಳಬಾರದು. ಯಾವುದು ಯಾವುದೆಂದು ಮೊದಲು ಗೊತ್ತಾಗಬೇಕು.

ಸ್ಪರ್ಶಕ್ಕೆ 10 ಗ್ರಾಂ ಮೋನೋಫಿಲಮೆಂಟ್, ಅಂದರೆ 10 ಗ್ರಾಂನಷ್ಟು ಒತ್ತಿದಾಗ ಬಾಗುವ ನೈಲಾನ್ ಎಳೆ. ಮೊದಲು ಕೈಗೆ ಮುಟ್ಟಿಸಿ ಹೇಗಿರುತ್ತದೆಂದು ತೋರಿಸಿ, ಆಮೇಲೆ ಕಣ್ಣು ಮುಚ್ಚಿಸುತ್ತೇನೆ. ಹೆಬ್ಬೆರಳಿನ ಅಡಿ, ಅದರ ಬುಡ, ಕಿರುಬೆರಳಿನ ಬುಡ: ಎಳೆ ಬಾಗುವಷ್ಟು ಒತ್ತಿ ಒಂದೆರಡು ಸೆಕೆಂಡಿನಲ್ಲಿ ತೆಗೆಯುವುದು. ಪ್ರತಿ ಜಾಗದಲ್ಲೂ ಮೂರು ಸಲ ಕೇಳುತ್ತೇನೆ, ಅದರಲ್ಲೊಂದು ಸಲ ಮುಟ್ಟದೆಯೇ "ತಾಗಿತಾ?" ಎನ್ನುತ್ತೇನೆ. ಎರಡು ಉತ್ತರ ತಪ್ಪಿದರೆ ಅಲ್ಲಿ ಸ್ಪರ್ಶವಿಲ್ಲ. ದಡ್ಡುಗಟ್ಟಿದ ಚರ್ಮದ ಮೇಲಿಟ್ಟರೆ ಪರೀಕ್ಷೆ ಕೆಟ್ಟಂತೆ. ಒಂದೇ ಎಳೆಯನ್ನು ದಿನವಿಡೀ ಬಳಸಿದರೂ ಅದು ಮೆತ್ತಗಾಗಿ ಇಲ್ಲದ ದೋಷ ತೋರಿಸುತ್ತದೆ.

ರಕ್ತ ಸಂಚಾರಕ್ಕೆ ಹತ್ತು ನಿಮಿಷ ಮಲಗಿಸಿ, ಡಾಪ್ಲರ್ (ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಯಂತ್ರ) ಹಿಡಿದು ಹರಡಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸುತ್ತೇನೆ. 0.9ಕ್ಕಿಂತ ಕಡಿಮೆಯಾದರೆ ನಾಳ ಕಿರಿದಾಗಿದೆ. ಆದರೆ 1.3 ದಾಟಿದರೆ ಖುಷಿಪಡಬೇಡಿ; ಸಕ್ಕರೆ ಕಾಯಿಲೆಯಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ, ಒತ್ತಡ ಅಳೆಯಲು ಸುತ್ತುವ ಪಟ್ಟಿಗೆ ಅದು ಬಗ್ಗದಿದ್ದರೂ ಹೀಗಾಗುತ್ತದೆ. ಆಗ ಕಾಲ್ಬೆರಳಿನ ಒತ್ತಡ ನೋಡಬೇಕು.

ನಡೆದಾಗ ಮೀನಖಂಡ ಹಿಡಿಯುವವರಿಗೆ, ಪಾದದಲ್ಲಿ ಹುಣ್ಣಿಲ್ಲದಿದ್ದರೆ, ಹೃದಯದ ತಪಾಸಣೆಯ ನಂತರ ನಡಿಗೆ. ಮೂರರಿಂದ ಐದು ನಿಮಿಷದಲ್ಲಿ ನೋವು ಬರುವಂಥ ವೇಗ. ನೋವು ಸಾಕಷ್ಟು ಜೋರಾದಾಗ ಕೂರುವುದು, ಪೂರ್ತಿ ಇಳಿದ ಮೇಲೆ ಮತ್ತೆ ಏಳುವುದು. 30 ನಿಮಿಷದಿಂದ ಶುರು, ವಾರಕ್ಕೆ ಮೂರು ದಿನ, ಕನಿಷ್ಠ 12 ವಾರ. ಚೂರು ಹಿಡಿದ ಕೂಡಲೇ ನಿಲ್ಲಿಸಿಬಿಡುವವರಿಗೆ ಫಲ ಕಡಿಮೆ. ಮಲಗಿದ್ದಾಗಲೂ ಪಾದ ನೋಯುತ್ತಿದ್ದರೆ, ಬೆರಳು ಕಪ್ಪಾಗಿದ್ದರೆ ನಡಿಗೆಯ ಮಾತಿಲ್ಲ, ರಕ್ತನಾಳದ ಸರ್ಜನ್ ಹತ್ತಿರ ಕಳಿಸುತ್ತೇನೆ.

ಸ್ಪರ್ಶವಿಲ್ಲದವರಿಗೆ ಬೆರಳ ಸಂದಿಯ ಪಟ್ಟಿಯ ಹವಾಯಿ ಬೇಡ; ಹಿಂದೆ ಪಟ್ಟಿಯಿರುವ ಎಂಸಿಆರ್ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ) ಚಪ್ಪಲಿ. ಹಾಕುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ನೋಡಬೇಕು. ಉರಿಗೆಂದು ಬಿಸಿನೀರಲ್ಲಿ ಕಾಲಿಡುವುದು ನಮ್ಮಲ್ಲಿ ಬಲು ಸಾಮಾನ್ಯ, ಬೊಬ್ಬೆಯೂ ಅಷ್ಟೇ ಸಾಮಾನ್ಯ. ಬೇಸಿಗೆ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲ ಪ್ರದಕ್ಷಿಣೆಯೂ ಹಾಗೆಯೇ.

ಚರ್ಮಕ್ಕೆ ಅಂಟಿಸಿದ ಪ್ಯಾಡಿನ ಮೂಲಕ ಸಣ್ಣ ವಿದ್ಯುತ್ ಹರಿಸುವ ಟೆನ್ಸ್ ಯಂತ್ರ ಕೆಲವರ ಉರಿ ತಗ್ಗಿಸುತ್ತದೆ: 80–100 ಹರ್ಟ್ಜ್, ಅರ್ಧ ಗಂಟೆ. ಪ್ಯಾಡನ್ನು ಸ್ಪರ್ಶವಿರುವ ಚರ್ಮಕ್ಕೇ ಅಂಟಿಸಬೇಕು, ಇಲ್ಲವಾದರೆ ಸುಟ್ಟರೂ ತಿಳಿಯದು. ಪೇಸ್‌ಮೇಕರ್ ಇದ್ದವರಿಗೆ ಬೇಡ. ಸತ್ತ ನರ ಇದರಿಂದ ಬದುಕುತ್ತದೆಂದು ಮಾರುವವರನ್ನು ನಂಬಬೇಡಿ.

ಗಾಯವಿಲ್ಲದೆ ಒಂದೇ ಪಾದ ಕೆಂಪಾಗಿ ಊದಿ, ಇನ್ನೊಂದು ಪಾದದ ಅದೇ ಜಾಗಕ್ಕಿಂತ 2 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಿದ್ದರೆ ಶಾರ್ಕೊ ಪಾದದ (ನರ ಸತ್ತ ಪಾದದ ಮೂಳೆ, ಕೀಲು ಕುಸಿಯುವ ತೊಂದರೆ) ಅನುಮಾನ. ಮೇಲಿನ ಎಲ್ಲವನ್ನೂ ನಿಲ್ಲಿಸಿ, ತಿಕ್ಕದೆ, ಕಾಲೂರದೆ, ಅಂದೇ ವೈದ್ಯರಿಗೆ ತೋರಿಸಬೇಕು.