ದೇವರ ಪೆಟ್ಟಿಗೆಯಲ್ಲಿ ಸಿಕ್ಕ ಬಿಲ್ಲೆ ಯಾವುದು?

ನಮ್ಮ ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ದೇವರ ಚಿತ್ರವಿದ್ದ ಒಂದು ಬಿಲ್ಲೆ ಇತ್ತು. ನೋಡಲು ನಾಣ್ಯದಂತೆ, ಆದರೆ ಚಲಾವಣೆಗಲ್ಲ, ಪೂಜೆಗೆ ಮಾಡಿದ್ದು. ದಿನಾ ಅದಕ್ಕೂ ಒಂದು ಹೂವು ಇಡುತ್ತಿದ್ದರು. ಅಜ್ಜಿ ಹೋದ ಮೇಲೆ ಅದು ನನ್ನ ನಾಣ್ಯದ ಡಬ್ಬಿಗೆ ಬಂತು. ಅಂಗಡಿಯವರೊಬ್ಬರು ನೋಡಿ ವಿಜಯನಗರ ಕಾಲದ್ದು ಎಂದುಬಿಟ್ಟರು. ಅಲ್ಲ. ಅದು ಗೊತ್ತಾಗಿದ್ದು ಹೇಗೆ ಅಂತ ಹೇಳುತ್ತೇನೆ.

ಮೊದಲು, ದಯವಿಟ್ಟು ಉಜ್ಜಬೇಡಿ. ಹುಣಸೆಹಣ್ಣಂತೂ ಬೇಡವೇ ಬೇಡ. ಅಕ್ಷರದ ಸಂದಿಯಲ್ಲಿ ಕೂತ ಕುಂಕುಮವೂ ಒಂದು ಸಾಕ್ಷಿ, ಆ ಬಿಲ್ಲೆಗೆ ಪೂಜೆ ನಡೆದಿತ್ತು ಅನ್ನುವುದಕ್ಕೆ.

ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಸವೆದ ಗೆರೆಗಳೂ ಎದ್ದು ಕಾಣುತ್ತವೆ. ಎಷ್ಟು ಜನ ಇದ್ದಾರೆ ಎಣಿಸಿ. ಛತ್ರಿಯ ಕೆಳಗೆ ಇಬ್ಬರು ಕೂತು, ಅಕ್ಕಪಕ್ಕ ತಮ್ಮಂದಿರು, ಕಾಲ ಬಳಿ ಹನುಮಂತ ಇದ್ದರೆ ಅದು ರಾಮ ಪಟ್ಟಾಭಿಷೇಕ. ಹಿಂದಿನ ಬದಿಯಲ್ಲಿ ಬಿಲ್ಲು ಹಿಡಿದು ನಿಂತ ರಾಮ ಲಕ್ಷ್ಮಣರು ಇರಬಹುದು. ಇಂಥದ್ದಕ್ಕೆ ರಾಮಟಂಕ ಅನ್ನುತ್ತಾರೆ. ಎರಡೂ ಕೈ ಸೊಂಟದ ಮೇಲಿದ್ದರೆ ವಿಠ್ಠಲ. ಮೇಲೆ ಶಂಖಚಕ್ರ, ಬಲಗೈ ಪಾದದ ಕಡೆ, ಎಡಗೈ ತೊಡೆಯ ಹತ್ತಿರ ಇದ್ದರೆ ತಿಮ್ಮಪ್ಪ.

ಆಮೇಲೆ ಅಕ್ಷರ. ರಾಮಟಂಕಗಳಲ್ಲಿ ನಾಗರಿ ಲಿಪಿಯಲ್ಲಿ ರಾಮ, ಲಛಮನ, ಜಾನಕಿ, ಹನುಮಾನ್ ಹೆಸರುಗಳು ಸುತ್ತಲೂ ಇರುತ್ತವೆ. ಜೊತೆಗೆ 1740 ತರದ ಅಂಕಿ. ಅದನ್ನು ಇಸವಿ ಎಂದು ನಂಬಬೇಡಿ. ಮುಂದೆ ಎಷ್ಟೋ ಕಾಲ ಅದೇ ಅಂಕಿ ಹಾಕಿ ಬಿಲ್ಲೆ ಮಾಡಿದ್ದಾರೆ.

ಜಾಸ್ತಿ ಮೋಸ ಆಗುವುದು ಇನ್ನೊಂದು ಜಾತಿಯಲ್ಲಿ. ಒಂದು ಕಡೆ ಹನುಮಂತ ಅಥವಾ ರಾಮ ದರ್ಬಾರು, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, ಹಾಫ್ ಅಣಾ, 1818’. ಕೆಲವದರಲ್ಲಿ 1616, 1717 ಕೂಡ. ಕಂಪನಿ ದೇವರ ಚಿತ್ರದ ಇಂಥ ಆಣೆ ಅಚ್ಚು ಹಾಕಿಸಲೇ ಇಲ್ಲ. ಇವೆಲ್ಲ ಬಹಳ ಆಮೇಲೆ ಮಾಡಿದವು. ಇದಕ್ಕೆ ಲಕ್ಷ ಕೊಡುತ್ತಾರಂತೆ ಎಂಬ ಮಾತು ಕೇಳಿ ಯಾರೂ ದುಡ್ಡು ಕಳೆದುಕೊಳ್ಳಬಾರದು. ಹಾಗಂತ ದೇವರಿರುವುದೆಲ್ಲ ಬಿಲ್ಲೆಯೂ ಅಲ್ಲ. 2012ರ ವೈಷ್ಣೋದೇವಿಯ 5 ಮತ್ತು 10 ರೂಪಾಯಿ ಸರ್ಕಾರದ್ದೇ ನಾಣ್ಯ. ಮುಖಬೆಲೆ, ಸಿಂಹ ಲಾಂಛನ ಇದೆಯಾ ನೋಡಿಕೊಳ್ಳಿ.

ಕೊನೆಗೆ ಲೋಹ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಬಿಲ್ಲೆಯನ್ನು ತೂಗಿ. ನನ್ನದು 11.20 ಗ್ರಾಂ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಬಿಲ್ಲೆಗೆ ದಾರ ಕಟ್ಟಿ, ತಳಕ್ಕೆ ತಾಗದ ಹಾಗೆ ಪೂರ್ತಿ ಮುಳುಗಿಸಿ. 1.32 ತೋರಿಸಿತು. 11.20ನ್ನು 1.32ರಿಂದ ಭಾಗಿಸಿದರೆ 8.5 ಹತ್ತಿರ, ಅಂದರೆ ಲೋಹ ನೀರಿಗಿಂತ ಅಷ್ಟು ಪಟ್ಟು ಭಾರ. ಬೆಳ್ಳಿಯಾದರೆ 10.5 ಬರಬೇಕು, ತಾಮ್ರಕ್ಕೆ 8.96, ಹಿತ್ತಾಳೆಗೆ 8.5ರ ಆಸುಪಾಸು. ಹಾಗಾಗಿ ನನ್ನದು ಹಿತ್ತಾಳೆ, ಮೇಲೆ ಕಾಣುವ ಬೆಳ್ಳಿ ಬರೀ ಲೇಪ. ಅಂಚಿನ ಸುತ್ತ ಅಚ್ಚಿನ ಎರಡು ಭಾಗ ಸೇರಿದ ಗೆರೆ ಇದೆ, ಹಾಗಾಗಿ ಎರಕ ಹೊಯ್ದದ್ದು. ತುದಿಯಲ್ಲಿ ಕೊಂಡಿ ಬೆಸೆದ ಗುರುತೂ ಇದೆ. ಯಾರೋ ಅದನ್ನು ಕೊರಳಿಗೆ ಹಾಕಿಕೊಂಡಿದ್ದರು.

ಯಾರು ಅಂತ ತಕ್ಕಡಿ ಹೇಳುವುದಿಲ್ಲ ಅಲ್ವಾ? ಮನೆಯ ಹಿರಿಯರನ್ನು ಈಗಲೇ ಕೇಳಿ. ನಾನು ಚಿಕ್ಕಜ್ಜಿಗೆ ಫೋನ್ ಮಾಡಿದೆ. ಬಿಲ್ಲೆಯ ಜೊತೆ ಈಗ ಒಂದು ಚೀಟಿ ಇದೆ: ‘ರಾಮಟಂಕ, ಹಿತ್ತಾಳೆ, 11.20 ಗ್ರಾಂ. ಮುತ್ತಜ್ಜ ಕಾಶಿಯಿಂದ ತಂದದ್ದು. ಮುತ್ತಜ್ಜಿಯ ಕೊರಳಲ್ಲಿತ್ತು.’